ಡಿಜಿಟಲ್ ಗ್ರಂಥಾಲಯದಲ್ಲಿ ವಿಜ್ಞಾನ, ಗಣಿತ ಶಿಕ್ಷಕರು ಹುಡುಕುವುದೇನು?

ಒಂದೇ ನಮೂನೆಯ ಎರಡು ಬಲ್ಬುಗಳನ್ನು ಸರಣಿಯಲ್ಲಿ ಬ್ಯಾಟರಿಗೆ ಜೋಡಿಸಿದರೆ ಯಾವುದು ಹೆಚ್ಚು ಪ್ರಕಾಶಮಾನವಾಗಿ ಉರಿಯುತ್ತದೆ? ಪ್ರೌಢಶಾಲೆಯ ತರಗತಿಯಲ್ಲಿ ಈ ಪ್ರಶ್ನೆ ಕೇಳಿ ನೋಡಿ, ‘ಮೊದಲನೆಯದು’ ಎನ್ನುವವರು ಇದ್ದೇ ಇರುತ್ತಾರೆ. ಮೊದಲ ಬಲ್ಬು ಒಂದಿಷ್ಟು ವಿದ್ಯುತ್ತನ್ನು ಖರ್ಚು ಮಾಡಿಬಿಡುತ್ತದೆ, ಉಳಿದದ್ದು ಮಾತ್ರ ಎರಡನೆಯದಕ್ಕೆ ಸಿಗುತ್ತದೆ ಎಂಬುದು ಅವರ ಲೆಕ್ಕ. ಸರಣಿ ಜೋಡಣೆಯಲ್ಲಿ ವಿದ್ಯುತ್ ಪ್ರವಾಹ ಎಲ್ಲೆಡೆಯೂ ಒಂದೇ ಎಂದು ಪಠ್ಯಪುಸ್ತಕ ಸ್ಪಷ್ಟವಾಗಿಯೇ ಹೇಳಿರುತ್ತದೆ. ವಿದ್ಯಾರ್ಥಿಗಳು ಅದನ್ನು ಪರೀಕ್ಷೆಯಲ್ಲಿ ತಪ್ಪಿಲ್ಲದೆ ಬರೆಯುತ್ತಾರೆ ಕೂಡ. ಆದರೆ ತಲೆಯೊಳಗಿನ ಹಳೆಯ ಲೆಕ್ಕ ಅಲ್ಲಾಡಿರುವುದಿಲ್ಲ.

ಇಂಥ ಹೊತ್ತಿನಲ್ಲಿ ಶಿಕ್ಷಕರಿಗೆ ಬೇಕಾಗುವುದು ವಿದ್ಯುತ್ತಿನ ಬಗ್ಗೆ ಇನ್ನೊಂದು ಪಾಠವಲ್ಲ, ಆ ಒಂದು ತಪ್ಪು ಲೆಕ್ಕವನ್ನು ಹೊರಗೆಳೆದು ಎದುರಿಗಿಡುವ ಸಣ್ಣ ಸಾಧನ. ಡಿಜಿಟಲ್ ಗ್ರಂಥಾಲಯಗಳನ್ನು ಚೆನ್ನಾಗಿ ಬಳಸುವ ಶಿಕ್ಷಕರು ಹೆಚ್ಚಾಗಿ ಅಲ್ಲಿಗೆ ಹೋಗುವುದು ಹೀಗೆ, ಕೈಯಲ್ಲೊಂದು ನಿರ್ದಿಷ್ಟ ತೊಡಕು ಹಿಡಿದುಕೊಂಡು. ‘ವಿದ್ಯುತ್’ ಎಂಬ ಅಧ್ಯಾಯದ ಹೆಸರನ್ನಷ್ಟೇ ಹಿಡಿದು ಹೋದವರಿಗೆ ಸಾವಿರ ಫಲಿತಾಂಶ ಸಿಗುತ್ತವೆ, ಸಂಜೆ ಕಳೆದುಹೋಗುತ್ತದೆ.

ಸರ್ಚ್ ಎಂಜಿನ್‌ಗಿಂತ ಭಿನ್ನವಾಗುವುದು ಎಲ್ಲಿ

ಡಿಜಿಟಲ್ ಗ್ರಂಥಾಲಯ ಎಂದೊಡನೆ ಸ್ಕ್ಯಾನ್ ಮಾಡಿಟ್ಟ ಪುಸ್ತಕಗಳ ರಾಶಿ ಕಣ್ಣೆದುರು ಬರುತ್ತದೆ. ಶಾಲಾ ಶಿಕ್ಷಣಕ್ಕೆಂದು ಕಟ್ಟಿದ ಗ್ರಂಥಾಲಯಗಳು ಹಾಗಿಲ್ಲ. ಅವುಗಳಲ್ಲಿ ಸಿಮ್ಯುಲೇಷನ್‌ಗಳು (ತೆರೆಯ ಮೇಲೆ ಮಾಡಿ ನೋಡುವ ಅನುಕರಣೆಗಳು), ವಿಡಿಯೋ ತುಣುಕುಗಳು, ವರ್ಕ್‌ಶೀಟ್‌ಗಳು, ಪಾಠ ಯೋಜನೆಗಳು, ಅಳತೆಯ ದತ್ತಾಂಶಗಳು, ಚಿತ್ರಗಳು ಹೀಗೆ ಬಿಡಿಬಿಡಿ ಸಾಮಗ್ರಿಗಳಿರುತ್ತವೆ. ಎಷ್ಟೋ ಸಲ ಸಾಮಗ್ರಿ ಗ್ರಂಥಾಲಯದ ಸ್ವಂತ ಕಂಪ್ಯೂಟರಿನಲ್ಲಿ ಇರುವುದೇ ಇಲ್ಲ. ಅದು ಯಾವುದೋ ವಿಶ್ವವಿದ್ಯಾಲಯದ ಸರ್ವರ್‌ನಲ್ಲಿರುತ್ತದೆ, ಗ್ರಂಥಾಲಯದಲ್ಲಿರುವುದು ಅದರ ವಿವರ ಮಾತ್ರ.

ಈ ವಿವರವನ್ನೇ ಮೆಟಾಡೇಟಾ ಎನ್ನುತ್ತಾರೆ, ಗ್ರಂಥಾಲಯದ ಜೀವಾಳವೂ ಇದೇ. 1995ರಲ್ಲಿ ಅಮೆರಿಕದ ಓಹಾಯೊ ರಾಜ್ಯದ ಡಬ್ಲಿನ್‌ನಲ್ಲಿ ನಡೆದ ಕಾರ್ಯಾಗಾರದಿಂದ ಹುಟ್ಟಿದ ‘ಡಬ್ಲಿನ್ ಕೋರ್’ ಎಂಬ ಮಾದರಿಯಲ್ಲಿ ಶೀರ್ಷಿಕೆ, ರಚಿಸಿದವರು, ವಿಷಯ, ದಿನಾಂಕ, ಭಾಷೆ, ಹಕ್ಕುಗಳು ಮೊದಲಾದ 15 ಅಂಶಗಳಿವೆ. ಪುಸ್ತಕವೊಂದನ್ನು ಹುಡುಕಲು ಅಷ್ಟು ಸಾಕು, ಪಾಠ ಮಾಡಲು ಸಾಲದು. ಇದು ಯಾವ ವಯಸ್ಸಿನವರಿಗೆ, ಎಷ್ಟು ಹೊತ್ತು ಬೇಕು, ಎಷ್ಟು ಕಠಿಣ, ವಿದ್ಯಾರ್ಥಿ ಸುಮ್ಮನೆ ನೋಡಬೇಕೋ ತಾನೇ ಏನಾದರೂ ಮಾಡಬೇಕೋ ಎಂಬುದನ್ನೂ ತಿಳಿಸುವ ಕಲಿಕಾ ಸಾಮಗ್ರಿಗಳ ಮೆಟಾಡೇಟಾ ಮಾನದಂಡವನ್ನು ಎಂಜಿನಿಯರುಗಳ ಐಇಇಇ ಸಂಸ್ಥೆ 2002ರಲ್ಲಿ ಪ್ರಕಟಿಸಿತು. ಸರ್ಚ್ ಎಂಜಿನ್ ಪದಗಳನ್ನು ಹುಡುಕುತ್ತದೆ. ಒಳ್ಳೆಯ ಗ್ರಂಥಾಲಯದಲ್ಲಿ ‘ಒಂಬತ್ತನೆಯ ತರಗತಿ, ಒಂದು ಪೀರಿಯಡ್, ಗುಂಪು ಚಟುವಟಿಕೆ, ಪ್ರಯೋಗಾಲಯ ಬೇಡ’ ಎಂದು ಸೋಸಬಹುದು. ಈ ಸೋಸುವಿಕೆಯ ಹಿಂದೆ ಯಾರೋ ಕುಳಿತು ಒಂದೊಂದೇ ಸಾಮಗ್ರಿಯನ್ನು ತೆರೆದು ನೋಡಿ ವಿವರ ತುಂಬಿದ ಶ್ರಮವಿದೆ. ಅದಕ್ಕೆ ಸಿಗಬೇಕಾದ ಗೌರವ ಸಿಕ್ಕಿಲ್ಲ ಎಂದೇ ನನ್ನ ಅನಿಸಿಕೆ.

ಈ ದಾರಿಯಲ್ಲಿ ನಡೆದ ದೊಡ್ಡ ಪ್ರಯತ್ನಗಳಲ್ಲಿ ಒಂದು, ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ 2000ದಲ್ಲಿ ಆರಂಭಿಸಿದ ರಾಷ್ಟ್ರೀಯ ವಿಜ್ಞಾನ ಡಿಜಿಟಲ್ ಗ್ರಂಥಾಲಯ. ಭೌತಶಾಸ್ತ್ರ, ಜೀವಶಾಸ್ತ್ರ, ಭೂವಿಜ್ಞಾನಗಳ ಬೇರೆ ಬೇರೆ ಸಂಗ್ರಹಗಳಿಂದ ವಿವರಗಳನ್ನು ಕಲೆಹಾಕಿ ಒಂದೇ ಬಾಗಿಲಿನಿಂದ ಒಳಹೋಗುವಂತೆ ಮಾಡುವುದು ಅದರ ಉದ್ದೇಶವಾಗಿತ್ತು. ಮುಂದೆ ಅದರ ಸಂಗ್ರಹ ಓಇಆರ್ ಕಾಮನ್ಸ್ ಎಂಬ ಮುಕ್ತ ಗ್ರಂಥಾಲಯಕ್ಕೆ ಸೇರಿತು. ಅದಕ್ಕೂ ಮೊದಲೇ, 1997ರಲ್ಲಿ, ಕ್ಯಾಲಿಫೋರ್ನಿಯಾ ಸ್ಟೇಟ್ ವಿಶ್ವವಿದ್ಯಾಲಯ ಶುರುಮಾಡಿದ ಮರ್ಲಾಟ್, ಸಂಶೋಧನಾ ಪ್ರಬಂಧಗಳಿಗೆ ಇರುವಂತೆ ಬೋಧನಾ ಸಾಮಗ್ರಿಗಳಿಗೂ ವಿಷಯತಜ್ಞರ ವಿಮರ್ಶೆಯನ್ನು ತಂದಿತು. ವಿಷಯ ಸರಿಯಿದೆಯೇ, ಕಲಿಸಲು ನಿಜಕ್ಕೂ ನೆರವಾಗುತ್ತದೆಯೇ, ಬಳಸಲು ಸುಲಭವೇ ಎಂಬ ಮೂರು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಕೇಳುತ್ತಾರೆ. ಬೇರೆಯಾಗಿ ಕೇಳುವುದು ಬಹಳ ಮುಖ್ಯ. ವಿಷಯದಲ್ಲಿ ಒಂದು ಕೊಂಕೂ ಇಲ್ಲದ ಸಾಮಗ್ರಿ ತರಗತಿಯಲ್ಲಿ ಪೂರ್ತಿ ಸೋಲಬಹುದು.

ಬಲ್ಬಿನ ಪಾಠ

ಈಗ ಬಲ್ಬಿಗೆ ಬರೋಣ. ಈ ತೊಡಕಿಗೆ ಶಿಕ್ಷಕರು ಹೆಚ್ಚಾಗಿ ಆರಿಸಿಕೊಳ್ಳುವುದು ಫೆಟ್‌ನ ವಿದ್ಯುನ್ಮಂಡಲ ಸಿಮ್ಯುಲೇಷನ್. ಭೌತಶಾಸ್ತ್ರದ ನೊಬೆಲ್ ಪುರಸ್ಕೃತ ಕಾರ್ಲ್ ವೀಮನ್ 2002ರಲ್ಲಿ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ ಯೋಜನೆ ಇದು. ತೆರೆಯ ಮೇಲೆ ಬ್ಯಾಟರಿ, ತಂತಿ, ಬಲ್ಬು, ಸ್ವಿಚ್ಚುಗಳನ್ನು ಎಳೆದು ತಂದು ಜೋಡಿಸಬಹುದು. ಮಂಡಲ ಪೂರ್ಣವಾದ ಕೂಡಲೇ ತಂತಿಯೊಳಗೆ ಇಲೆಕ್ಟ್ರಾನುಗಳು ಚಲಿಸುವುದು ಕಾಣುತ್ತದೆ. ಅಮ್ಮೀಟರನ್ನು ಎಲ್ಲಿ ಬೇಕಾದರೂ ಇಟ್ಟು ಪ್ರವಾಹವನ್ನು ಅಳೆಯಬಹುದು.

ಇದನ್ನು ಪ್ರೊಜೆಕ್ಟರಿನಲ್ಲಿ ಹಾಕಿ ‘ನೋಡಿ, ಎರಡೂ ಕಡೆ ಒಂದೇ ಪ್ರವಾಹ’ ಎಂದು ತೋರಿಸಿದರೆ ಆಗುವುದು ಅಷ್ಟಕ್ಕಷ್ಟೇ. ಪಠ್ಯಪುಸ್ತಕದ ವಾಕ್ಯ ಬಣ್ಣದಲ್ಲಿ ಬಂದಂತಾಗುತ್ತದೆ, ಅಷ್ಟೆ. ಅನುಭವಿ ಶಿಕ್ಷಕರು ಮೊದಲು ತೆರೆಯನ್ನು ಆರಿಸಿಯೇ ಇಡುತ್ತಾರೆ. ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಊಹೆಯನ್ನು ನೋಟ್‌ಬುಕ್ಕಿನಲ್ಲಿ ಬರೆಯಬೇಕು: ಮೊದಲ ಬಲ್ಬಿಗಿಂತ ಮುಂಚೆ, ಎರಡು ಬಲ್ಬುಗಳ ನಡುವೆ, ಎರಡನೆಯದರ ನಂತರ, ಈ ಮೂರು ಕಡೆ ಅಮ್ಮೀಟರ್ ಏನು ತೋರಿಸುತ್ತದೆ? ಹೆಚ್ಚು, ಕಡಿಮೆ, ಸಮ? ಕಾರಣವನ್ನೂ ಒಂದು ವಾಕ್ಯದಲ್ಲಿ ಬರೆಯಬೇಕು. ಬರೆದ ಮೇಲೆ ಅದು ಅವರ ಮಾತಾಯಿತು, ಇನ್ನು ‘ನಾನೂ ಹಾಗೇ ಅಂದುಕೊಂಡಿದ್ದೆ’ ಎಂದು ಜಾರಿಕೊಳ್ಳಲಾಗದು. ಆಮೇಲೆ ಮಂಡಲ ಕಟ್ಟಿ ಅಳೆಯುವುದು. ಮೂರು ಕಡೆಯೂ ಒಂದೇ ಅಂಕಿ. ಆಗ ಏಳುತ್ತದೆ ನಿಜವಾದ ಪ್ರಶ್ನೆ: ಪ್ರವಾಹ ಖರ್ಚಾಗುವುದಿಲ್ಲ ಎಂದಾದರೆ ಬ್ಯಾಟರಿ ಯಾಕೆ ಮುಗಿದುಹೋಗುತ್ತದೆ? ಶಕ್ತಿಗೂ ಪ್ರವಾಹಕ್ಕೂ ಇರುವ ವ್ಯತ್ಯಾಸವನ್ನು ಹೇಳಲು ಇದಕ್ಕಿಂತ ಒಳ್ಳೆಯ ಗಳಿಗೆ ಇನ್ನೊಂದು ಸಿಗದು. ಊಹಿಸು, ಗಮನಿಸು, ವಿವರಿಸು ಎಂಬ ಈ ಮೂರು ಹೆಜ್ಜೆಗಳ ವಿಧಾನ ವಿಜ್ಞಾನ ಬೋಧನೆಯಲ್ಲಿ ಹಳೆಯದೇ. ಸಿಮ್ಯುಲೇಷನ್ ಅದಕ್ಕೆ ಹೇಳಿ ಮಾಡಿಸಿದಂತಿದೆ.

ನಿಜವಾದ ಬಲ್ಬುಗಳಲ್ಲೇ ಇದನ್ನು ಮಾಡಬಾರದೇ? ಮಾಡಬೇಕು, ಖಂಡಿತ. ಆದರೆ ಒಂದು ತೊಂದರೆಯಿದೆ. ಒಂದೇ ನಮೂನೆಯ ಎರಡು ಬಲ್ಬುಗಳು ಕೂಡ ಕರಾರುವಾಕ್ಕಾಗಿ ಒಂದೇ ರೀತಿ ಇರುವುದಿಲ್ಲ. ತಂತುವಿನ ಸಣ್ಣ ವ್ಯತ್ಯಾಸದಿಂದ ಒಂದು ತುಸು ಹೆಚ್ಚು ಉರಿಯುತ್ತದೆ. ಹಾಗೆ ಉರಿಯುವ ಬಲ್ಬು ಅಕಸ್ಮಾತ್ ಮೊದಲನೆಯ ಸ್ಥಾನದಲ್ಲಿ ಇದ್ದುಬಿಟ್ಟರೆ ತಪ್ಪು ಕಲ್ಪನೆಗೆ ಕಣ್ಣಾರೆ ಕಂಡ ಪುರಾವೆಯೇ ಸಿಕ್ಕಿಬಿಡುತ್ತದೆ! ಆಗ ಬಲ್ಬುಗಳನ್ನು ಅದಲುಬದಲು ಮಾಡಿ ನೋಡಲು ಹೇಳಬೇಕು. ಹೆಚ್ಚಿನ ಬೆಳಕು ಸ್ಥಾನಕ್ಕೆ ಅಂಟಿಕೊಂಡಿಲ್ಲ, ಬಲ್ಬಿನ ಜೊತೆಗೇ ಹೋಯಿತು ಎಂದು ಆಗ ಕಾಣುತ್ತದೆ. ಸಿಮ್ಯುಲೇಷನ್ ಮತ್ತು ಪ್ರಯೋಗ ಒಂದನ್ನೊಂದು ತಿದ್ದುವುದು ಹೀಗೆ.

ಸಿಮ್ಯುಲೇಷನ್ ತಾನೇ ಹುಟ್ಟಿಸಬಲ್ಲ ತಪ್ಪುಗಳೂ ಇವೆ, ಅವನ್ನು ಶಿಕ್ಷಕರು ಮೊದಲೇ ಗುರುತಿಸಿಟ್ಟುಕೊಂಡಿರಬೇಕು. ತೆರೆಯ ಮೇಲೆ ಇಲೆಕ್ಟ್ರಾನುಗಳು ಕಣ್ಣಿಗೆ ಕಾಣುವಷ್ಟು ವೇಗವಾಗಿ ಸಾಗುತ್ತವೆ. ಸಾಮಾನ್ಯ ತಾಮ್ರದ ತಂತಿಯಲ್ಲಿ ಅವುಗಳ ಸರಾಸರಿ ಮುನ್ನಡೆ ಸೆಕೆಂಡಿಗೆ ಒಂದು ಮಿಲಿಮೀಟರಿಗಿಂತಲೂ ಕಡಿಮೆ. ಸ್ವಿಚ್ ಹಾಕಿದೊಡನೆ ದೀಪ ಹೊತ್ತುವುದಕ್ಕೆ ಕಾರಣ ಇಲೆಕ್ಟ್ರಾನಿನ ಓಟವಲ್ಲ, ವಿದ್ಯುತ್ ಕ್ಷೇತ್ರ ಮಂಡಲದಾದ್ಯಂತ ಹೆಚ್ಚುಕಡಿಮೆ ತಕ್ಷಣ ನೆಲೆಗೊಳ್ಳುವುದು. ಹಾಗೆಯೇ ಇಂಥ ಮಾದರಿಗಳಲ್ಲಿ ಬಲ್ಬಿನ ರೋಧವನ್ನು ಹೆಚ್ಚಾಗಿ ಸ್ಥಿರವೆಂದು ಇಟ್ಟಿರುತ್ತಾರೆ. ನಿಜವಾದ ತಂತು ಕಾದಂತೆಲ್ಲ ಅದರ ರೋಧ ಏರುತ್ತದೆ. ‘ಈ ಚಿತ್ರದಲ್ಲಿ ಯಾವುದು ನಿಜ, ಯಾವುದು ನಮ್ಮ ಅನುಕೂಲಕ್ಕೆ ಮಾಡಿಕೊಂಡದ್ದು?’ ಎಂದು ವಿದ್ಯಾರ್ಥಿಗಳನ್ನೇ ಕೇಳುವ ಶಿಕ್ಷಕರು ವಿಜ್ಞಾನದ ಮಾದರಿ ಎಂದರೇನು ಎಂಬುದನ್ನೂ ಅದೇ ಪೀರಿಯಡ್ಡಿನಲ್ಲಿ ಕಲಿಸಿಬಿಡುತ್ತಾರೆ.

ಸ್ಲೈಡರ್ ಎಳೆದಾಗ ಏನಾಗುತ್ತದೆ

ಗಣಿತ ಶಿಕ್ಷಕರ ಹುಡುಕಾಟ ಬೇರೆ ಬಗೆಯದು. ಅವರಿಗೆ ಬೇಕಾದದ್ದು ಚಲನೆ. ಕಪ್ಪುಹಲಗೆಯ ಮೇಲೆ ಒಂದು ನಕ್ಷೆ ಬರೆಯಬಹುದು, ಎರಡು ಬರೆಯಬಹುದು. ಸಹಗುಣಕ ಬದಲಾದಂತೆ ನಕ್ಷೆ ಹೇಗೆ ಸರಿಯುತ್ತದೆ ಎಂಬುದನ್ನು ಬರೆದು ತೋರಿಸಲಾಗದು. ಮಾರ್ಕಸ್ ಹೋಹೆನ್ವಾರ್ಟರ್ ಆಸ್ಟ್ರಿಯಾದ ಸಾಲ್ಜ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಯಾಗಿದ್ದಾಗ ಆರಂಭಿಸಿದ ಜಿಯೋಜೀಬ್ರಾ ಎಂಬ ಗಣಿತ ತಂತ್ರಾಂಶ ಈ ಕೊರತೆಯನ್ನು ನೀಗಿಸಿತು. ಶಿಕ್ಷಕರೇ ತಯಾರಿಸಿ ಹಂಚಿಕೊಂಡ ಚಟುವಟಿಕೆಗಳ ದೊಡ್ಡ ಸಂಗ್ರಹವೊಂದು ಅದರ ಸುತ್ತ ಬೆಳೆದಿದೆ.

y = x² + bx + 3 ಎಂಬ ವರ್ಗ ಸಮೀಕರಣವನ್ನು ತೆಗೆದುಕೊಳ್ಳಿ. b ಗೆ ಒಂದು ಸ್ಲೈಡರ್ ಇದೆ, ಅದನ್ನು ಎಳೆದರೆ b ಯ ಬೆಲೆ ಬದಲಾಗುತ್ತದೆ. b ಬದಲಾದರೆ ಪರವಲಯ ಯಾವ ಕಡೆ ಸರಿಯುತ್ತದೆ? ‘ಎಡಕ್ಕೋ ಬಲಕ್ಕೋ’ ಎನ್ನುತ್ತಾರೆ ಬಹುತೇಕರು. ಎಳೆದು ನೋಡಿದರೆ ಅದು ಪಕ್ಕಕ್ಕೆ ಸರಿಯುತ್ತಲೇ ಕೆಳಗೂ ಇಳಿಯುತ್ತದೆ. b ಸೊನ್ನೆಯಾದಾಗ ಶೃಂಗ, ಅಂದರೆ ಪರವಲಯ ತಿರುಗುವ ತುದಿ, (0, 3)ರಲ್ಲಿ, 2 ಆದಾಗ (-1, 2)ರಲ್ಲಿ, 4 ಆದಾಗ (-2, -1)ರಲ್ಲಿ. ಶೃಂಗದ ಜಾಡು ಉಳಿಯುವಂತೆ ಮಾಡಿದರೆ ತೆರೆಯ ಮೇಲೆ ಇನ್ನೊಂದು ಪರವಲಯ ಮೂಡುತ್ತದೆ, ಕೆಳಮುಖವಾದದ್ದು! ತರಗತಿಯಲ್ಲಿ ಒಂದು ಸಣ್ಣ ಉದ್ಗಾರ ಏಳುವುದು ಈ ಕ್ಷಣದಲ್ಲಿ. ಆದರೆ ಪಾಠ ಇಲ್ಲಿ ಶುರುವಾಗಬೇಕು, ಮುಗಿಯಬಾರದು. ಜಾಡು y = 3 - x² ಎಂದು ಕಾಣುತ್ತಿದೆ, ಅದು ಹಾಗೆಯೇ ಇರಲೇಬೇಕೆಂದು ಹೇಳುವುದು ಹೇಗೆ? ವರ್ಗ ಪೂರ್ಣಗೊಳಿಸಿದರೆ ಶೃಂಗದ x ಬೆಲೆ -b/2, y ಬೆಲೆ 3 - b²/4. ಎರಡರಿಂದಲೂ b ಯನ್ನು ತೆಗೆದುಹಾಕಿದರೆ y = 3 - x² ಸಿಗುತ್ತದೆ. ಸ್ಲೈಡರನ್ನು ನೂರು ಸಲ ಎಳೆದರೂ ಅದು ಗಣಿತದ ಸಾಧನೆ (ಪುರಾವೆ) ಆಗುವುದಿಲ್ಲ, ಸಾಧಿಸಬೇಕೆಂಬ ಆಸೆಯನ್ನು ಹುಟ್ಟಿಸುತ್ತದೆ. ವರ್ಗ ಪೂರ್ಣಗೊಳಿಸುವ ವಿಧಾನವನ್ನು ಬರೀ ಅಭ್ಯಾಸಕ್ಕೆಂದು ಮಾಡುತ್ತಿದ್ದ ವಿದ್ಯಾರ್ಥಿಗೆ ಅದರಿಂದ ಆಗುವ ಕೆಲಸವೇನೆಂದು ಇಲ್ಲಿ ಗೊತ್ತಾಗುತ್ತದೆ.

ನಿಜವಾದ ಅಂಕಿಗಳು

ನನಗೆ ಎಲ್ಲಕ್ಕಿಂತ ಇಷ್ಟವಾದ ಬಳಕೆ ದತ್ತಾಂಶಗಳದ್ದು. ಪಠ್ಯಪುಸ್ತಕದ ಲೆಕ್ಕಗಳಲ್ಲಿ ಅಂಕಿಗಳು ಸರಾಗವಾಗಿ ಭಾಗವಾಗುತ್ತವೆ, ಬಿಂದುಗಳೆಲ್ಲ ಸರಳರೇಖೆಯ ಮೇಲೆಯೇ ಬಂದು ಕೂರುತ್ತವೆ. ಅಳೆದು ಪಡೆದ ಅಂಕಿಗಳು ಅಷ್ಟು ವಿಧೇಯವಲ್ಲ.

ಹವಾಯಿಯ ಮೌನಾ ಲೋವಾ ವೀಕ್ಷಣಾಲಯದಲ್ಲಿ ಚಾರ್ಲ್ಸ್ ಡೇವಿಡ್ ಕೀಲಿಂಗ್ 1958ರಲ್ಲಿ ಶುರುಮಾಡಿದ ಇಂಗಾಲದ ಡೈಆಕ್ಸೈಡ್ ಅಳತೆ ಇಂದಿಗೂ ಮುಂದುವರಿದಿದೆ. ತಿಂಗಳವಾರು ಅಂಕಿಗಳು ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಲಭ್ಯವಿವೆ. 1959ರ ವಾರ್ಷಿಕ ಸರಾಸರಿ ಸುಮಾರು 316 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ 316), 1969ರದ್ದು ಸುಮಾರು 325. ಈ ಹತ್ತು ವರ್ಷಗಳ ಅಂಕಿಗಳನ್ನು ಮಾತ್ರ ಕೊಟ್ಟು, ಅವುಗಳಿಗೆ ಸರಳರೇಖೆ ಹೊಂದಿಸಿ 2020ರ ಬೆಲೆ ಊಹಿಸಿ ಎಂದರೆ ಉತ್ತರ 370ರ ಆಸುಪಾಸಿಗೆ ಬರುತ್ತದೆ. ಅಳೆದಾಗ ಸಿಕ್ಕಿದ್ದು ಸುಮಾರು 414. ರೇಖೆ ಎಲ್ಲಿ ಸೋತಿತು, ಯಾಕೆ ಸೋತಿತು? ಏರಿಕೆಯ ದರವೇ ಏರುತ್ತಿದೆ ಎಂಬ ಮಾತಿಗೆ ವಿದ್ಯಾರ್ಥಿಗಳು ತಾವಾಗಿಯೇ ಬರುತ್ತಾರೆ. ಇನ್ನು ಪ್ರತಿ ವರ್ಷ ಮೇ ತಿಂಗಳ ಹೊತ್ತಿಗೆ ಮೇಲೇರಿ ಸೆಪ್ಟೆಂಬರ್ ಸುಮಾರಿಗೆ ಇಳಿಯುವ ಹಲ್ಲುಹಲ್ಲಾದ ಅಂಚು ಜೀವಶಾಸ್ತ್ರದ ಪಾಠ. ಉತ್ತರಾರ್ಧ ಗೋಳದ ಸಸ್ಯಗಳು ಬೇಸಿಗೆಯಲ್ಲಿ ಇಂಗಾಲ ಹೀರಿಕೊಳ್ಳುವುದು ಆ ಅಂಚಿನಲ್ಲಿ ಕಾಣುತ್ತದೆ.

ಲಘುಗಣಕದ ಪಾಠಕ್ಕೆ ಭೂಕಂಪಗಳ ಪಟ್ಟಿಗಿಂತ ಒಳ್ಳೆಯ ಸಂಗಾತಿ ನನಗೆ ಕಂಡಿಲ್ಲ. ಅಮೆರಿಕದ ಭೂವೈಜ್ಞಾನಿಕ ಸಮೀಕ್ಷೆ ಜಗತ್ತಿನ ಭೂಕಂಪಗಳ ವಿವರಗಳನ್ನು ಮುಕ್ತವಾಗಿ ಕೊಡುತ್ತದೆ. ಒಂದು ವರ್ಷದ ಪಟ್ಟಿ ತೆಗೆದು, 5ರಿಂದ 6, 6ರಿಂದ 7, 7ರಿಂದ ಮೇಲೆ ಎಂದು ಪರಿಮಾಣದ (ಮ್ಯಾಗ್ನಿಟ್ಯೂಡ್) ಪ್ರಕಾರ ಎಣಿಸಿದರೆ ಸಾವಿರಕ್ಕೂ ಹೆಚ್ಚು, ನೂರರ ಸುಮಾರು, ಹತ್ತಿಪ್ಪತ್ತು ಹೀಗೆ ಬರುತ್ತದೆ. ಸ್ತಂಭನಕ್ಷೆ ಬರೆದರೆ ಮೊದಲ ಸ್ತಂಭ ಆಕಾಶಕ್ಕೆ ಏರಿ, ಕೊನೆಯದು ಕಾಣದಷ್ಟು ಚಿಕ್ಕದಾಗುತ್ತದೆ. ಎಣಿಕೆಯ ಲಘುಗಣಕ ತೆಗೆದು ಬರೆದಾಗ ಎಲ್ಲವೂ ಸರಿಸುಮಾರು ಒಂದು ಸರಳರೇಖೆಗೆ ಬಂದು ನಿಲ್ಲುತ್ತದೆ. ಭೂಕಂಪ ವಿಜ್ಞಾನದಲ್ಲಿ ಇದಕ್ಕೆ ಗುಟೆನ್‌ಬರ್ಗ್-ರಿಕ್ಟರ್ ನಿಯಮ ಎಂದು ಹೆಸರು. ತೀರ ಸಣ್ಣ ಕಂಪನಗಳನ್ನೂ ಸೇರಿಸಿಕೊಂಡರೆ ಆ ತುದಿಯಲ್ಲಿ ರೇಖೆ ಬಾಗುತ್ತದೆ. ಸಣ್ಣ ಭೂಕಂಪಗಳು ಕಡಿಮೆಯೇ? ಅಲ್ಲ, ಉಪಕರಣಗಳ ಜಾಲ ತೆಳುವಾಗಿರುವ ಕಡೆ ಅವು ದಾಖಲಾಗುವುದೇ ಇಲ್ಲ. ದತ್ತಾಂಶದಲ್ಲಿ ಇಲ್ಲದ್ದು ಪ್ರಕೃತಿಯಲ್ಲೂ ಇಲ್ಲ ಎಂದುಕೊಳ್ಳಬಾರದು ಎಂಬುದನ್ನು ಇಷ್ಟು ಸರಳವಾಗಿ ತೋರಿಸುವ ಉದಾಹರಣೆ ಅಪರೂಪ.

ಇಲ್ಲಿ ಒಂದು ಎಚ್ಚರಿಕೆ. ಮೂಲ ದತ್ತಾಂಶವನ್ನು ಹಾಗೆಯೇ ವಿದ್ಯಾರ್ಥಿಗಳ ಮುಂದೆ ಸುರಿಯಬಾರದು. ಇಪ್ಪತ್ತು ಕಾಲಂಗಳ ಪಟ್ಟಿಯಲ್ಲಿ ಪಾಠಕ್ಕೆ ಬೇಕಾದದ್ದು ಎರಡೇ ಇರಬಹುದು. ಉಳಿದದ್ದನ್ನು ಮೊದಲ ಸಲ ಶಿಕ್ಷಕರೇ ತೆಗೆದಿಡುವುದು ಒಳ್ಳೆಯದು, ಮುಂದಿನ ಸಲ ಆ ಕೆಲಸವನ್ನೂ ವಿದ್ಯಾರ್ಥಿಗಳಿಗೆ ಬಿಡಬಹುದು.

ಶಿಕ್ಷಕರ ಸ್ವಂತ ಕಲಿಕೆ

ಯಾರೂ ಹೆಚ್ಚು ಮಾತನಾಡದ ಬಳಕೆಯೊಂದಿದೆ: ಶಿಕ್ಷಕರು ತಮಗಾಗಿ ಓದುವುದು. ರಸಾಯನಶಾಸ್ತ್ರ ಓದಿದವರು ಭೌತಶಾಸ್ತ್ರವನ್ನೂ ಕಲಿಸಬೇಕಾಗುತ್ತದೆ, ಗಣಿತದವರು ಸಂಖ್ಯಾಶಾಸ್ತ್ರದ ಹೊಸ ಅಧ್ಯಾಯವನ್ನು ಎದುರಿಸಬೇಕಾಗುತ್ತದೆ. ನಾಳೆಯ ಪಾಠಕ್ಕೆ ಮೊದಲು ಇಂದು ರಾತ್ರಿ ಆ ಸಂದೇಹವನ್ನು ಯಾರಿಗೂ ತಿಳಿಯದಂತೆ ಬಗೆಹರಿಸಿಕೊಳ್ಳುವ ಅನುಕೂಲ ಇಲ್ಲಿದೆ. ವಿಷಯಜ್ಞಾನ ಒಂದು, ಅದನ್ನು ಕಲಿಸುವ ಜ್ಞಾನ ಇನ್ನೊಂದು ಎಂದು ಅಮೆರಿಕದ ಶಿಕ್ಷಣ ಚಿಂತಕ ಲೀ ಶುಲ್ಮನ್ 1986ರಲ್ಲಿ ವಾದಿಸಿದ್ದರು. ಒಳ್ಳೆಯ ಪಾಠ ಯೋಜನೆಯ ಪಕ್ಕದಲ್ಲಿರುವ ‘ಇಲ್ಲಿ ವಿದ್ಯಾರ್ಥಿಗಳು ಸಾಮಾನ್ಯವಾಗಿ ಹೀಗೆ ತಪ್ಪುತ್ತಾರೆ’ ಎಂಬ ಟಿಪ್ಪಣಿಗಳಲ್ಲಿ ಎರಡನೆಯ ಬಗೆಯ ಜ್ಞಾನವೇ ತುಂಬಿರುತ್ತದೆ. ಸಾಮಗ್ರಿಯನ್ನು ಬಳಸದೆ ಆ ಟಿಪ್ಪಣಿಗಳನ್ನಷ್ಟೇ ಓದಿ ಬಂದರೂ ಲಾಭವಿದೆ.

ಕತ್ತರಿಸಬಹುದೇ, ಅನುವಾದಿಸಬಹುದೇ?

ಸಿಕ್ಕ ಸಾಮಗ್ರಿಯನ್ನು ಇದ್ದಂತೆಯೇ ಬಳಸುವ ಶಿಕ್ಷಕರು ಕಡಿಮೆ. ಹತ್ತು ಪ್ರಶ್ನೆಗಳ ವರ್ಕ್‌ಶೀಟಿನಲ್ಲಿ ನಾಲ್ಕನ್ನು ಉಳಿಸಿಕೊಳ್ಳುತ್ತಾರೆ, ಭಾಷೆ ಬದಲಿಸುತ್ತಾರೆ, ಕ್ರಮ ತಿರುಗಿಸುತ್ತಾರೆ. ಹೀಗೆ ಮಾಡಲು ಅನುಮತಿ ಇದೆಯೇ ಎಂಬುದನ್ನು ಪರವಾನಗಿ ಹೇಳುತ್ತದೆ. 2002ರ ಡಿಸೆಂಬರಿನಲ್ಲಿ ಹೊರಬಂದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಗಳು ಇದನ್ನು ಕೆಲವೇ ಅಕ್ಷರಗಳಿಗೆ ಇಳಿಸಿದವು. ‘ಬಿವೈ’ ಎಂದಿದ್ದರೆ ಮೂಲ ರಚನಕಾರರ ಹೆಸರು ಹಾಕಬೇಕು. ‘ಎನ್‌ಸಿ’ ಎಂದರೆ ವಾಣಿಜ್ಯ ಬಳಕೆ ಸಲ್ಲದು. ‘ಎಸ್‌ಎ’ ಎಂದರೆ ನೀವು ಬದಲಿಸಿದ್ದನ್ನೂ ಅದೇ ಪರವಾನಗಿಯಲ್ಲಿ ಹಂಚಬೇಕು. ಶಿಕ್ಷಕರು ಎಡವುವುದು ‘ಎನ್‌ಡಿ’ಯಲ್ಲಿ. ಅದಿದ್ದರೆ ಬದಲಿಸಿದ ರೂಪವನ್ನು ಹಂಚುವಂತಿಲ್ಲ, ಅನುವಾದವೂ ಬದಲಾವಣೆಯೇ. ಬೇರೆ ಭಾಷೆಯಲ್ಲಿ ಕಲಿಸುವವರು ಹಾಗಾಗಿ ಮೊದಲು ನೋಡಬೇಕಾದದ್ದು ಈ ಎರಡಕ್ಷರ ಇದೆಯೋ ಇಲ್ಲವೋ ಎಂಬುದನ್ನು.

ಕೈಕೊಡುವ ಕಡೆಗಳು

ಡಿಜಿಟಲ್ ಸಾಮಗ್ರಿ ಶಾಶ್ವತ ಎಂಬ ಭ್ರಮೆ ಬೇಡ. 2020ರ ಡಿಸೆಂಬರ್ 31ಕ್ಕೆ ಅಡೋಬಿ ಕಂಪನಿ ಫ್ಲ್ಯಾಶ್ ಪ್ಲೇಯರಿನ ಬೆಂಬಲ ನಿಲ್ಲಿಸಿದಾಗ ಅದರಲ್ಲಿ ಮಾಡಿದ್ದ ಎಷ್ಟೋ ವಿಜ್ಞಾನ ಅನಿಮೇಷನ್‌ಗಳು ತೆರೆಯದಾದವು. ಫೆಟ್‌ನಂಥ ಯೋಜನೆಗಳು ತಮ್ಮ ಸಿಮ್ಯುಲೇಷನ್‌ಗಳನ್ನು ಬ್ರೌಸರಿನಲ್ಲೇ ಓಡುವ ಎಚ್‌ಟಿಎಂಎಲ್5ಗೆ ಹೊಸದಾಗಿ ಬರೆದುಕೊಂಡವು. ಹಣ ಮುಗಿದ ಸಣ್ಣ ಯೋಜನೆಗಳಿಗೆ ಆ ಅವಕಾಶ ಇರಲಿಲ್ಲ. ಗ್ರಂಥಾಲಯದಲ್ಲಿ ವಿವರ ಉಳಿದಿರುತ್ತದೆ, ಕೊಂಡಿ ಒತ್ತಿದರೆ ಏನೂ ಇರುವುದಿಲ್ಲ. ಹೀಗಾಗಿ ಪರವಾನಗಿ ಅನುಮತಿಸುವ ಸಾಮಗ್ರಿಯನ್ನು ಇಳಿಸಿಟ್ಟುಕೊಳ್ಳುವುದು, ಪಾಠದ ಹಿಂದಿನ ದಿನ ತರಗತಿಯ ಕಂಪ್ಯೂಟರಿನಲ್ಲೇ ಒಮ್ಮೆ ಓಡಿಸಿ ನೋಡುವುದು ರೂಢಿಯಾಗಬೇಕು.

ಇಂಟರ್ನೆಟ್ ಇಲ್ಲದ, ಇದ್ದೂ ನೆಚ್ಚಲಾಗದ ಶಾಲೆಗಳಿಗೆ ದಾರಿಗಳಿವೆ. ಕಿವಿಕ್ಸ್ ಎಂಬ ತಂತ್ರಾಂಶ ವಿಕಿಪೀಡಿಯದಂಥ ಇಡೀ ತಾಣಗಳನ್ನು ಆಫ್‌ಲೈನ್ ಓದಲು ಕಟ್ಟಿಕೊಡುತ್ತದೆ. ಕೊಲಿಬ್ರಿ ಎಂಬ ತಂತ್ರಾಂಶದಲ್ಲಿ ಒಂದೇ ಕಂಪ್ಯೂಟರಿನಲ್ಲಿ ಸಂಗ್ರಹವನ್ನು ತುಂಬಿ, ಶಾಲೆಯೊಳಗಿನ ವೈಫೈ ಮೂಲಕ ಉಳಿದ ಸಾಧನಗಳಿಗೆ ಹಂಚಬಹುದು.

ತಂತ್ರಜ್ಞಾನಕ್ಕಿಂತ ದೊಡ್ಡ ಕೊರತೆ ಸಮಯದ್ದು. ಒಂದು ಸಾಮಗ್ರಿಯನ್ನು ಹುಡುಕಿ, ಪರೀಕ್ಷಿಸಿ, ತಮ್ಮ ತರಗತಿಗೆ ಒಗ್ಗಿಸಿಕೊಳ್ಳುವುದಕ್ಕೆ ಬೇಕಾದ ಹೊತ್ತು ಯಾವ ವೇಳಾಪಟ್ಟಿಯಲ್ಲೂ ಇರುವುದಿಲ್ಲ. ಶಾಲೆಗಳು ಪ್ರೊಜೆಕ್ಟರ್ ಕೊಳ್ಳಲು ತೋರಿಸುವ ಉತ್ಸಾಹವನ್ನು ಈ ಹೊತ್ತನ್ನು ಒದಗಿಸಲೂ ತೋರಿಸಬೇಕು. ಸದ್ಯಕ್ಕೆ ಇದಕ್ಕೆ ಇರುವ ಉಪಾಯ ಕೆಲಸವನ್ನು ಹಂಚಿಕೊಳ್ಳುವುದು. ಒಂದೇ ವಿಷಯ ಕಲಿಸುವ ನಾಲ್ವರು ಸೇರಿ ತಲಾ ಎರಡು ಅಧ್ಯಾಯಗಳಿಗೆ ಸಾಮಗ್ರಿ ಹುಡುಕಿದರೆ ಎಲ್ಲರ ಬಳಿಯೂ ಎಂಟು ಅಧ್ಯಾಯಗಳದ್ದು ಇರುತ್ತದೆ.

ಹಾಗೆ ಹಂಚಿಕೊಳ್ಳುವಾಗ, ಅಥವಾ ಗ್ರಂಥಾಲಯದ ವಿಮರ್ಶೆಯ ಜಾಗದಲ್ಲಿ ಬರೆಯುವಾಗ, ‘ತುಂಬಾ ಚೆನ್ನಾಗಿದೆ’ ಎಂದರೆ ಇನ್ನೊಬ್ಬರಿಗೆ ಏನೂ ಸಿಗುವುದಿಲ್ಲ. ಯಾವ ತರಗತಿಯಲ್ಲಿ ಬಳಸಿದಿರಿ, ಎಷ್ಟು ಹೊತ್ತು ಹಿಡಿಯಿತು, ಮೊದಲು ಏನು ಕಲಿತಿರಬೇಕಿತ್ತು, ವಿದ್ಯಾರ್ಥಿಗಳು ಎಲ್ಲಿ ಸಿಕ್ಕಿಹಾಕಿಕೊಂಡರು, ಯಾವ ಪ್ರಶ್ನೆಯನ್ನು ಬಿಟ್ಟಿರಿ, ಯಾವುದನ್ನು ಸೇರಿಸಿದಿರಿ ಎಂದು ಬರೆಯಿರಿ. ಬಲ್ಬಿನ ಪಾಠವಾದರೆ, ‘ಊಹೆ ಬರೆಸದೆ ನೇರವಾಗಿ ತೋರಿಸಬೇಡಿ, ಬ್ಯಾಟರಿ ಯಾಕೆ ಮುಗಿಯುತ್ತದೆ ಎಂಬ ಪ್ರಶ್ನೆಗೆ ಕನಿಷ್ಠ ಹತ್ತು ನಿಮಿಷ ಉಳಿಸಿಕೊಳ್ಳಿ’ ಎಂಬ ಎರಡು ಸಾಲು ಸಾಕು. ಅದೇ ತೊಡಕು ಹಿಡಿದು ಹುಡುಕುತ್ತಾ ಬರುವ ಮುಂದಿನ ಶಿಕ್ಷಕರು ಸಿಮ್ಯುಲೇಷನ್ ತೆರೆಯುವ ಮೊದಲು ಓದುವುದು ಆ ಎರಡು ಸಾಲುಗಳನ್ನೇ.